ಹಿಮದ ಸೈಕಲ್ಲು ಮತ್ತು ನಮ್ಮ ಕೆಸರಿನ ದಾರಿ

(ಹೊಸೂರು ಸೀಮೆಯ ತೋಟದ ಕೆಲಸಗಾರರ ತಿಂಗಳ ಕೂಟದಲ್ಲಿ ಮಾಡಿದ ಭಾಷಣ)



ವಾರವೆಲ್ಲಾ ತೋಟದಲ್ಲಿ ಬಗ್ಗಿ ದುಡಿದು, ಕೈಗೆ ಸಿಕ್ಕ ಒಂದು ಭಾನುವಾರದ ಮಧ್ಯಾಹ್ನವನ್ನು ಈ ಕೂಟಕ್ಕೆ ಕೊಟ್ಟು ಬಂದಿದ್ದೀರಿ. ಆದಕಾರಣ ಸುತ್ತುಬಳಸದೆ ವಿಷಯಕ್ಕೆ ಬರುತ್ತೇವೆ.

ಈ ತಿಂಗಳ ವಿಷಯವನ್ನು ನಮ್ಮ ಯುವಕರೇ ಕೊಟ್ಟರು. ದೂರದೇಶದಲ್ಲಿ ಜನರು ಹಳೆಯ ಸಾಮಾನು ಜೋಡಿಸಿ ಹಿಮದ ಮೇಲೆ ಓಡುವ ಸೈಕಲ್ಲನ್ನು ಮನೆಯಲ್ಲೇ ಮಾಡಿಕೊಳ್ಳುತ್ತಾರಂತೆ, ಅದು ಹೇಗೆ, ನಾವೂ ಅಂಥದ್ದನ್ನು ಮಾಡಬಹುದೇ ಎಂದು ಕೇಳಿದರು. ಹಿರಿಯರಲ್ಲಿ ಕೆಲವರು ನಕ್ಕರು. ತಳಿಯ ಕಡೆ ಮಾರ್ಗಶಿರದಲ್ಲಿ ಮಂಜು ಬೀಳುತ್ತದೆ, ಕೈ ಮರಗಟ್ಟುತ್ತದೆ, ಅದು ನಿಜ. ಆದರೆ ಹಿಮ ಬಿದ್ದು ದಾರಿ ಮುಚ್ಚಿದ್ದನ್ನು ನಮ್ಮ ಅಜ್ಜಂದಿರೂ ಕಂಡವರಲ್ಲ. ಸೈನ್ಯಕ್ಕೆ ಸೇರಿ ಲಡಾಖಿನ ಕಡೆ ಹೋಗಿ ಬಂದ ನಮ್ಮ ಹುಡುಗರು ಮಾತ್ರ ಕಂಡಿದ್ದಾರೆ. ಹಾಗಿದ್ದರೂ ಆ ಪ್ರಶ್ನೆಯನ್ನು ನಾವು ತಳ್ಳಿಹಾಕಲಿಲ್ಲ. ಹಿಮವಿಲ್ಲದಿದ್ದರೇನು, ಮಳೆಗಾಲದಲ್ಲಿ ಲೈನಿನಿಂದ ಟಾರುರಸ್ತೆಯವರೆಗಿನ ನಮ್ಮ ದಾರಿ ಹೇಗಿರುತ್ತದೆಂಬುದು ನಿಮಗೆ ಗೊತ್ತು. ಚಕ್ರ ಹೂತುಹೋಗುವ ನೆಲದ ಮೇಲೆ ಚಕ್ರವನ್ನು ಓಡಿಸುವುದು ಹೇಗೆ ಎಂಬುದು ಅಲ್ಲಿಯ ಪ್ರಶ್ನೆಯೂ ಹೌದು, ಇಲ್ಲಿಯ ಪ್ರಶ್ನೆಯೂ ಹೌದು.

ಆ ದೇಶದವರು ಏನು ಮಾಡಿದರು?

ಮೊದಲು ಅವರ ಸಂಗತಿ ಕೇಳಿ. ಅಮೆರಿಕದ ಉತ್ತರಕ್ಕೆ ಅಲಾಸ್ಕ ಎಂಬ ಚಳಿಯ ಸೀಮೆಯುಂಟು. 1900ರಲ್ಲಿ ಅಲ್ಲಿಯ ನೋಮ್ ಎಂಬ ಕಡಲತೀರದಲ್ಲಿ ಚಿನ್ನ ಸಿಕ್ಕುತ್ತದೆಂಬ ಸುದ್ದಿಯಿಂದ ಜನ ಗುಳೆ ಹೊರಟಿದ್ದರು. ಎಡ್ ಜೆಸ್ಸನ್ ಎಂಬುವನು ಕೆನಡಾದ ಡಾಸನ್ ಊರಿನಲ್ಲಿ ಒಂದು ಸೈಕಲ್ಲು ಕೊಂಡು, ಹೆಪ್ಪುಗಟ್ಟಿದ ಯೂಕಾನ್ ನದಿಯ ಮೇಲೆಯೇ ತುಳಿಯುತ್ತಾ ಹೋದನು. ನಾಯಿಗಳು ಎಳೆಯುವ ಜಾರುಬಂಡಿಗಳು ಓಡಿ ಓಡಿ ಗಟ್ಟಿಮಾಡಿದ್ದ ಸಣ್ಣ ಜಾಡೇ ಅವನಿಗೆ ರಸ್ತೆ. ಸುಮಾರು 1,600 ಕಿಲೋಮೀಟರ್ ದಾರಿಯನ್ನು ಒಂದು ತಿಂಗಳಿಗೆ ತುಸು ಹೆಚ್ಚಿನ ಕಾಲದಲ್ಲಿ ಮುಗಿಸಿದನು. ಚಳಿಗೆ ಟೈರಿನ ರಬ್ಬರು ಕಬ್ಬಿಣದ ಕೊಳವೆಯಂತೆ ಬಿಗಿದುಕೊಳ್ಳುತ್ತಿತ್ತು. ಬೇರಿಂಗಿನ ಎಣ್ಣೆ ಹೆಪ್ಪುಗಟ್ಟುತ್ತಿತ್ತು. ಕೂಲಿಗಾಗಿ, ಹೊಟ್ಟೆಗಾಗಿ ಊರುಬಿಟ್ಟು ಹೋಗುವವರ ಪಾಡು ಎಲ್ಲಾ ದೇಶದಲ್ಲೂ ಒಂದೇ.

ಅವನ ಸೈಕಲ್ಲು ಗಟ್ಟಿಯಾದ ಜಾಡಿನ ಮೇಲೆ ಓಡಿತು. ಸಡಿಲ ಹಿಮದ ಮೇಲೆ ತೆಳು ಟೈರು ಓಡುವುದಿಲ್ಲ, ಚಾಕುವಿನಂತೆ ಇಳಿದುಬಿಡುತ್ತದೆ. 1987ರಲ್ಲಿ ಅಲಾಸ್ಕದಲ್ಲಿ ಹಿಮದ ದಾರಿಯ ಮೇಲೆ ಸುಮಾರು 200 ಮೈಲಿಗಳ ಸೈಕಲ್ ಪಂದ್ಯ ಶುರುವಾಯಿತು. ಓಡಿಸುವುದಕ್ಕಿಂತ ತಳ್ಳುವುದೇ ಹೆಚ್ಚಾದ್ದರಿಂದ ಅಲ್ಲಿಯ ಮೆಕ್ಯಾನಿಕ್‌ಗಳು ತಲೆ ಓಡಿಸಿದರು. ಅಂಗಡಿಯಲ್ಲಿ ಅಗಲವಾದ ರಿಮ್ಮು ಸಿಕ್ಕುತ್ತಿರಲಿಲ್ಲ. ಆದಕಾರಣ ಎರಡು ರಿಮ್ಮುಗಳನ್ನು ಪಕ್ಕಪಕ್ಕಕ್ಕೆ ಇಟ್ಟು ಬೆಸೆದು ಒಂದು ಚಕ್ರ ಮಾಡಿದರು. ಸೈಮನ್ ರಾಕೋವರ್ ಎಂಬ ಅಂಗಡಿಯವನು ಹೀಗೆ ಬೆಸೆದು ಕಲಿತಮೇಲೆ 44 ಮಿಲಿಮೀಟರ್ ಅಗಲದ ರಿಮ್ಮು ತಯಾರಿಸಿ ಮಾರಿದನು. ಅದೇ ಕಾಲಕ್ಕೆ ನ್ಯೂಮೆಕ್ಸಿಕೋ ಕಡೆ ರೇ ಮೊಲಿನ ಎಂಬುವನು ಮರಳಿನ ಮೇಲೆ ಓಡಿಸಲು ಅದಕ್ಕೂ ಅಗಲವಾದ ರಿಮ್ಮನ್ನೂ ಟೈರನ್ನೂ ಮಾಡುತ್ತಿದ್ದನು. ಹಿಮದವರೂ ಮರಳಿನವರೂ ಬೇರೆ ಬೇರೆ ಹೊರಟು ಒಂದೇ ಕಡೆಗೆ ಬಂದು ಸೇರಿದರು. ಕಡೆಗೆ 2005ರಲ್ಲಿ ಒಂದು ಕಂಪನಿ 3.7 ಇಂಚು ಅಗಲದ ಟೈರಿನ ಸೈಕಲ್ಲನ್ನು ಕಾರ್ಖಾನೆಯಲ್ಲೇ ಮಾಡಿ ಮಾರಾಟಕ್ಕೆ ತಂದಿತು. ಈಗ ನಮ್ಮ ಹೊಸೂರಿನ ಬೀದಿಯಲ್ಲಿಯೂ ಮಕ್ಕಳು ದಪ್ಪ ಟೈರಿನ ಸೈಕಲ್ಲು ತುಳಿಯುವುದನ್ನು ನೋಡುತ್ತೇವಲ್ಲಾ, ಅದರ ಮೂಲ ಇದೇ: ಯಾರೋ ಬಡ ಅಂಗಡಿಗಳಲ್ಲಿ ಬೆಸೆದ ಜೋಡಿ ರಿಮ್ಮು.

ಸಿಂಬಿಯ ಪಾಠ

ಅಗಲವಾದ ಟೈರು ಏಕೆ ಹೂಳುವುದಿಲ್ಲ? ಇದನ್ನು ತಿಳಿಯಲು ಕಾಲೇಜಿಗೆ ಹೋಗಬೇಕಾಗಿಲ್ಲ. ನಮ್ಮ ಅಕ್ಕಂದಿರು ತಲೆಯ ಮೇಲೆ ಹೊರೆ ಇಡುವ ಮೊದಲು ಬಟ್ಟೆಯನ್ನು ಸುತ್ತಿ ಸಿಂಬಿ ಇಟ್ಟುಕೊಳ್ಳುತ್ತಾರೆ. ಸಿಂಬಿಯಿಂದ ಹೊರೆಯ ತೂಕ ಒಂದು ಗುಂಜಿಯಷ್ಟೂ ಕಡಿಮೆಯಾಗುವುದಿಲ್ಲ. ಆದರೆ ಒಂದೇ ಜಾಗಕ್ಕೆ ಒತ್ತುತ್ತಿದ್ದ ತೂಕ ತಲೆಯ ಮೇಲೆ ಹರಡಿಕೊಳ್ಳುತ್ತದೆ, ನೋವು ತಗ್ಗುತ್ತದೆ. ಕೆಸರಿನ ಮೇಲೆ ಹಲಗೆ ಹಾಸಿ ನಡೆಯುವುದೂ ಅದೇ ಲೆಕ್ಕ.

ಈಗ ಅಂಕಿಯಲ್ಲಿ ನೋಡಿ. ಸವಾರನೂ ಸೈಕಲ್ಲೂ ಸೇರಿ 80 ಕಿಲೋ, ಅಂದರೆ 176 ಪೌಂಡು ಎಂದಿಟ್ಟುಕೊಳ್ಳೋಣ. ಪಂಚರ್ ಅಂಗಡಿಯಲ್ಲಿ ಗಾಳಿಯನ್ನು ಅಳೆಯುವುದು ಒಂದು ಚದರ ಇಂಚಿಗೆ ಇಷ್ಟು ಪೌಂಡು ಎಂದು. ಟೈರಿನಲ್ಲಿ 44 ಪೌಂಡು ಗಾಳಿ ಇದ್ದರೆ, ಎರಡು ಚಕ್ರವೂ ಸೇರಿ ನೆಲಕ್ಕೆ ತಾಗುವ ಜಾಗ ಸುಮಾರು 4 ಚದರ ಇಂಚು. ಒಂದೊಂದು ಚಕ್ರಕ್ಕೆ ಒಂದು ಬೆಂಕಿಪೊಟ್ಟಣದಷ್ಟೂ ಇಲ್ಲ. ಅಗಲ ಟೈರಿನಲ್ಲಿ 8 ಪೌಂಡು ಗಾಳಿ ಇಟ್ಟರೆ ಅದೇ ತೂಕಕ್ಕೆ ಸುಮಾರು 22 ಚದರ ಇಂಚು ನೆಲ ಸಿಕ್ಕುತ್ತದೆ. ಒಂದೊಂದು ಚಕ್ರಕ್ಕೆ ಹೆಚ್ಚುಕಡಿಮೆ ಒಂದು ಅಂಗೈ. ಐದೂವರೆ ಪಟ್ಟು ಹೆಚ್ಚು ನೆಲದ ಮೇಲೆ ತೂಕ ಹಂಚಿಹೋಗುವುದರಿಂದ ಚಕ್ರ ಹೂಳುವುದಿಲ್ಲ. ಹಾಗಾದರೆ ನಮ್ಮ ತೆಳು ಟೈರಿನಲ್ಲೇ 8 ಪೌಂಡು ಗಾಳಿ ಇಡಬಾರದೇ ಎಂದು ಕೇಳುತ್ತೀರಿ. ಇಟ್ಟರೆ ರಿಮ್ಮು ಕಲ್ಲಿಗೆ ಬಡಿದು ಬಗ್ಗುತ್ತದೆ, ಟ್ಯೂಬು ಎರಡು ಕಡೆ ಕಚ್ಚಿ ಹರಿಯುತ್ತದೆ. ಗಾಳಿ ಕಡಿಮೆ ಇಡಬೇಕಾದರೆ ಟೈರು ದಪ್ಪವಾಗಿರಬೇಕು.

ಇನ್ನೊಂದು ಮಾತನ್ನೂ ಹೇಳಬೇಕು. ಸಡಿಲ ಹಿಮಕ್ಕೂ ಮರಳಿಗೂ ಒಳ್ಳೆಯದಾದದ್ದು ಎಲ್ಲಾ ಕೆಸರಿಗೂ ಒಳ್ಳೆಯದಲ್ಲ. ದಕ್ಷಿಣ ಪಿನಾಕಿನಿಯ ಮರಳಿನ ಪಾತ್ರದಲ್ಲಿ ಅಗಲ ಟೈರು ಚೆನ್ನಾಗಿ ಓಡೀತು. ಅಂಟುಮಣ್ಣಿನಲ್ಲಿ ಹಾಗಲ್ಲ. ಮಣ್ಣು ಟೈರಿಗೆ ಸುತ್ತಿಕೊಂಡು ಫೋರ್ಕಿಗೂ ಟೈರಿಗೂ ನಡುವೆ ತುಂಬಿ ಚಕ್ರವನ್ನೇ ನಿಲ್ಲಿಸಿಬಿಡುತ್ತದೆ. ಮೇಲೆ ನಾಲ್ಕು ಬೆರಳು ಕೆಸರಿದ್ದು ಕೆಳಗೆ ಗಟ್ಟಿ ನೆಲವಿದ್ದರೆ, ಕೆಸರನ್ನು ಸೀಳಿ ಗಟ್ಟಿ ನೆಲ ಹಿಡಿಯುವ ತೆಳು ಟೈರೇ ಮೇಲು. ಆದಕಾರಣ ಚಿತ್ರ ನೋಡಿ ಗಾಡಿ ಕಟ್ಟಬಾರದು. ತನ್ನ ದಾರಿಯನ್ನು ನಡೆದು ನೋಡಿ, ಕಾಲು ಎಲ್ಲಿ ಹೂಳುತ್ತದೆ, ಎಲ್ಲಿ ಜಾರುತ್ತದೆ ಎಂದು ಗುರುತು ಹಾಕಿಕೊಂಡು ಕಟ್ಟಬೇಕು.

ನಮ್ಮವರು ಮಾಡಿದ್ದು

ಇಂಥ ಕೆಲಸ ಪರದೇಶದವರಿಗೆ ಮಾತ್ರ ಸಾಧ್ಯ ಎಂದುಕೊಳ್ಳಬೇಡಿ. ಬಿಹಾರದ ಮೋತಿಹಾರಿ ಕಡೆಯ ಮೊಹಮ್ಮದ್ ಸೈದುಲ್ಲಾ ಎಂಬವರು 1975ರ ಪ್ರವಾಹದಲ್ಲಿ ನೀರು ದಾಟಲಾರದೆ ಕಷ್ಟಪಟ್ಟು, ಸೈಕಲ್ಲಿಗೆ ತೇಲುವ ಡಬ್ಬಿಗಳನ್ನು ಕಟ್ಟಿ ನೆಲದ ಮೇಲೂ ನೀರಿನ ಮೇಲೂ ಓಡುವ ಸೈಕಲ್ಲು ಮಾಡಿದರು. ರಾಷ್ಟ್ರೀಯ ನವಪ್ರವರ್ತನ ಪ್ರತಿಷ್ಠಾನವು 2005ರಲ್ಲಿ ಅವರನ್ನು ಗೌರವಿಸಿತು. ನಮ್ಮ ಕನ್ನಡನಾಡಿನ ಬಂಟ್ವಾಳ ತಾಲೂಕಿನ ಸಜಿಪಮೂಡ ಗ್ರಾಮದ ಕೃಷಿಕ ಗಣಪತಿ ಭಟ್ಟರು ಅಡಿಕೆ ಮರ ಹತ್ತುವ ಬೈಕನ್ನೇ ಮಾಡಿದ್ದಾರೆ. 2019ರಲ್ಲಿ ಅದು ಊರೂರಿಗೆ ಸುದ್ದಿಯಾಯಿತು. ಸೀಟಿನ ಮೇಲೆ ಕುಳಿತು, ಬೆಲ್ಟು ಕಟ್ಟಿಕೊಂಡು, ಸಣ್ಣ ಎಂಜಿನ್ನಿನ ಬಲದಿಂದ ಮರದ ಕಾಂಡವನ್ನು ಹಿಡಿದುಕೊಂಡೇ ಮೇಲೆ ಏರಿ, ಬ್ರೇಕು ಹಿಡಿದು ಇಳಿಯಬಹುದು. ಮಳೆಗಾಲದಲ್ಲಿ ಪಾಚಿ ಹಿಡಿದ ಅಡಿಕೆ ಮರಕ್ಕೆ ಏರಿ ಔಷಧ ಹೊಡೆಯುವುದು ಎಂಥ ಪ್ರಾಣಸಂಕಟದ ಕೆಲಸವೆಂಬುದನ್ನು ಆ ಸೀಮೆಯ ಕೆಲಸಗಾರರನ್ನು ಕೇಳಬೇಕು.

ಇನ್ನು ನಮ್ಮ ಹೊಸೂರನ್ನೇ ನೋಡಿ. 1980ರಲ್ಲಿ ಇಬ್ಬರು ಕುಳಿತು ಹೋಗುವ ಟಿವಿಎಸ್ 50 ಮೊಪೆಡ್ಡು ಇಲ್ಲಿಯ ಕಾರ್ಖಾನೆಯಿಂದಲೇ ಹೊರಟು ದೇಶವೆಲ್ಲಾ ಓಡಾಡಿತು. ಹಾಲಿನವರು, ಸೊಪ್ಪಿನವರು, ಬಟ್ಟೆ ಮಾರುವವರು ಅದರ ಮೇಲೆ ಬದುಕು ಕಟ್ಟಿಕೊಂಡರು. 2004ರಲ್ಲಿ ಕೃಷ್ಣಗಿರಿ ಬೇರೆ ಜಿಲ್ಲೆಯಾಯಿತು. 2021ರಿಂದೀಚೆಗೆ ಪೋಚಂಪಳ್ಳಿಯಲ್ಲಿ ವಿದ್ಯುತ್ ಸ್ಕೂಟರುಗಳೂ ತಯಾರಾಗುತ್ತಿವೆ. ಗಾಡಿ ಮಾಡುವ ಸೀಮೆ ಎಂದು ನಮಗೆ ಹೆಸರು ಬಂದಿದೆ. ಆದರೆ ಅದೇ ಸೀಮೆಯ ಒಳಗಿನ ತೋಟದ ಲೈನುಗಳಿಗೆ, ಅಂಚೆಟ್ಟಿ, ಬೆಟ್ಟಮುಗಿಲಾಳದ ಕಡೆಯ ಗುಡ್ಡದ ಊರುಗಳಿಗೆ, ಮಳೆ ಬಂದರೆ ಯಾವ ಗಾಡಿ ಬರುತ್ತದೆ? ತಮಿಳುನಾಡಿನಲ್ಲಿ 108 ಆಂಬುಲೆನ್ಸು 2008ರಲ್ಲಿ ಆರಂಭವಾಯಿತು. ಅದು ಎಷ್ಟೋ ಜೀವ ಉಳಿಸಿದೆ, ಅದಕ್ಕಾಗಿ ದೇವರಿಗೆ ಸ್ತೋತ್ರ. ಆದರೆ ಟಾರುರಸ್ತೆ ಮುಗಿದಲ್ಲಿ ಅದೂ ನಿಲ್ಲುತ್ತದೆ. ಅಲ್ಲಿಂದ ಈಚೆಗೆ ನಮ್ಮ ಹೆಗಲೇ ಗತಿ. ಕಂಬಳಿಯನ್ನು ಗಳುವಿಗೆ ಕಟ್ಟಿ ಡೋಲಿ ಮಾಡಿ ನಾವು ಹೊತ್ತವರೇ. ಹೊರುವವರು ಜಾರಿದರೆ ಹೊತ್ತವರೂ ಬೀಳುತ್ತಾರೆ, ಮಲಗಿದವರೂ ಬೀಳುತ್ತಾರೆ.

ಪಾರ್ಶ್ವವಾಯು ರೋಗಿಯನ್ನು ನಾಲ್ಕು ಜನ ಹೊತ್ತು ತಂದು, ಬಾಗಿಲಲ್ಲಿ ಜನಸಂದಣಿ ಇದ್ದದ್ದರಿಂದ ಮಾಳಿಗೆಯನ್ನೇ ತೆಗೆದು ಯೇಸುವಿನ ಮುಂದೆ ಇಳಿಸಿದ ಸಂಗತಿ ಮಾರ್ಕನ ಸುವಾರ್ತೆಯಲ್ಲಿ ಉಂಟು. ಆ ನಾಲ್ವರ ಹೆಸರು ಬರೆದಿಲ್ಲ. ಅವರು ದಾರಿ ಇಲ್ಲವೆಂದು ಹಿಂದಿರುಗಲಿಲ್ಲ, ಉಪಾಯ ಹುಡುಕಿದರು. ಯುವಕರ ಮುಂದೆ ನಾವು ಇಡುವ ಮಾತು ಇದೇ. ನಿಮ್ಮ ಕೈಯಲ್ಲಿ ಬೆಸುಗೆಯ ವಿದ್ಯೆ ಉಂಟು, ಉತ್ಸಾಹ ಉಂಟು. ಅದನ್ನು ಆಟದ ಗಾಡಿಗೆ ಖರ್ಚು ಮಾಡುವುದಕ್ಕಿಂತ, ಲೈನಿನಿಂದ ಟಾರುರಸ್ತೆಯವರೆಗೆ ರೋಗಿಯನ್ನು ಮಲಗಿಸಿ ತರುವ, ಸೈಕಲ್ಲಿನ ಹಿಂದೆ ಕಟ್ಟುವ ಒಂದು ಎರಡು ಚಕ್ರದ ಗಾಡಿಯನ್ನು ಮಾಡೋಣ. ಆಫ್ರಿಕದ ಮಲಾವಿ, ಉಗಾಂಡ ಮೊದಲಾದ ದೇಶಗಳ ಹಳ್ಳಿಗಳಲ್ಲಿ ಇಂಥ ಸೈಕಲ್ ಆಂಬುಲೆನ್ಸುಗಳು ಬಳಕೆಯಲ್ಲಿವೆ.

ಮಾಡುವ ಬಗೆ

ಚಕ್ರದಿಂದ ಆರಂಭಿಸೋಣ. ಅಲಾಸ್ಕದವರಂತೆ ಎರಡು ರಿಮ್ಮು ಬೆಸೆಯುವ ಶ್ರಮ ನಮಗೆ ಬೇಡ. ಆ ಚಕ್ರ ಸೈಕಲ್ಲಿನ ಫೋರ್ಕಿನೊಳಗೆ ಹಿಡಿಯುವುದೂ ಇಲ್ಲ, ಚೈನು ಟೈರಿಗೆ ಉಜ್ಜುತ್ತದೆ, ರಿಮ್ಮಿಗೆ ಒತ್ತುವ ಹಳೆಯ ಬ್ರೇಕು ಕೂರುವುದಿಲ್ಲ. ಎಳೆಯುವ ಗಾಡಿಗೆ ಈ ತೊಡಕುಗಳಿಲ್ಲ. ಗುಜರಿ ಅಂಗಡಿಯಲ್ಲಿ ಹಳೆಯ ಮೊಪೆಡ್ಡಿನ 16 ಇಂಚಿನ ಚಕ್ರಗಳು ಸಿಕ್ಕುತ್ತವೆ. ಟೈರು ಸುಮಾರು ಎರಡೂವರೆ ಇಂಚು ಅಗಲ, ಸಾಮಾನ್ಯ ಸೈಕಲ್ಲಿನದು ಒಂದೂವರೆ ಇಂಚು. ಕಡ್ಡಿಗಳು ದಪ್ಪ. ಎಲ್ಲಕ್ಕಿಂತ ಮುಖ್ಯವಾಗಿ, ಆ ಹಬ್ಬಿನೊಳಗೇ ಡ್ರಮ್ ಬ್ರೇಕು ಇರುತ್ತದೆ. ಕೆಸರು ಮೆತ್ತಿದರೂ ಅದು ಹಿಡಿಯುತ್ತದೆ. ಒಂದೇ ಜಾತಿಯ ಎರಡು ಚಕ್ರ ನೋಡಿ ಆರಿಸಿ, ತಿರುಗಿಸಿ ಆಟ ನೋಡಿ, ಬೇರಿಂಗು ಸದ್ದು ಮಾಡಿದರೆ ಬದಲಾಯಿಸಿ. ಅಚ್ಚಿನ ಎರಡು ಕೊನೆಗೂ ಆಧಾರ ಇರುವಂತೆ ಚೌಕಟ್ಟು ಕಟ್ಟಬೇಕು. ಒಂದೇ ಪಕ್ಕದಿಂದ ಹಿಡಿದರೆ ಅಚ್ಚು ಬಗ್ಗುತ್ತದೆ.

ಚೌಕಟ್ಟಿಗೆ 2 ಮಿಲಿಮೀಟರ್ ದಪ್ಪದ ಉಕ್ಕಿನ ಕೊಳವೆ ಸಾಕು. ತೀರ ತೆಳು ಕೊಳವೆಯನ್ನು ಕರೆಂಟು ವೆಲ್ಡಿಂಗು ಸುಟ್ಟು ತೂತು ಮಾಡುತ್ತದೆ. ಹಳೆಯ ಸೈಕಲ್ಲುಗಳ ಚೌಕಟ್ಟನ್ನು ಕಾರ್ಖಾನೆಯಲ್ಲಿ ಹಿತ್ತಾಳೆ ಕರಗಿಸಿ ಕೂಡಿಸಿರುವುದು ಅದಕ್ಕಾಗಿಯೇ. ಆದಕಾರಣ ಎಳೆಯುವ ಸೈಕಲ್ಲಿನ ಚೌಕಟ್ಟಿಗೂ ಮುಂದಿನ ಫೋರ್ಕಿಗೂ ಯಾರೂ ಬೆಂಕಿ ತೋರಿಸಬೇಡಿ. ಫೋರ್ಕು ಮುರಿದರೆ ಸವಾರ ಮುಖ ಅಡಿಯಾಗಿ ಬೀಳುತ್ತಾನೆ. ಸತುವಿನ ಲೇಪವಿರುವ ನೀರಿನ ಕೊಳವೆಯನ್ನು ಬೆಸೆಯಬೇಡಿ. ಅದರ ಬಿಳಿ ಹೊಗೆ ಕುಡಿದವರಿಗೆ ಆ ರಾತ್ರಿಯೇ ಚಳಿಜ್ವರ ಬರುತ್ತದೆ. ಬರಿಗಣ್ಣಿನಲ್ಲಿ ವೆಲ್ಡಿಂಗಿನ ಬೆಳಕು ನೋಡಿದರೆ ರಾತ್ರಿಯೆಲ್ಲಾ ಕಣ್ಣಿಗೆ ಮರಳು ಸುರಿದಂತಾಗುತ್ತದೆ. ಕೆಲಸ ಮಾಡುವವರಿಗೆ ಮಾತ್ರವಲ್ಲ, ನೋಡುತ್ತಾ ನಿಂತ ಮಕ್ಕಳಿಗೂ ಆಗುತ್ತದೆ. ಮಕ್ಕಳನ್ನು ದೂರ ಕಳಿಸಿ ಕೆಲಸ ಶುರುಮಾಡಿ.

ಮಲಗುವ ಹಾಸು ಆರು ಅಡಿ ಉದ್ದವಿರಲಿ. ಗಟ್ಟಿ ಕ್ಯಾನ್ವಾಸನ್ನು ಎರಡು ಗಳುಗಳಿಗೆ ಹೊಲಿದು, ಗಾಡಿಯಿಂದ ಬಿಡಿಸಿ ತೆಗೆಯುವಂತೆ ಮಾಡಿ. ಮನೆಯೊಳಗೆ ಒಮ್ಮೆ ಮಲಗಿಸಿದರೆ ಆಂಬುಲೆನ್ಸಿನವರೆಗೆ ಮತ್ತೆ ಎತ್ತಿ ಇಳಿಸುವ ಹಿಂಸೆ ಇರಬಾರದು. ಹಾಸು ಆದಷ್ಟು ತಗ್ಗಿನಲ್ಲಿರಲಿ, ಎತ್ತರವಾದರೆ ತಿರುವಿನಲ್ಲಿ ಮಗುಚುತ್ತದೆ. ತೂಕವೆಲ್ಲಾ ಅಚ್ಚಿನ ಮೇಲೆ ಬಿದ್ದು, ಸೈಕಲ್ಲಿಗೆ ತಗುಲಿಸುವ ಕಡೆ ಸ್ವಲ್ಪವೇ ಭಾರ ಬರುವಂತೆ ಚಕ್ರಗಳ ಜಾಗ ಗೊತ್ತುಮಾಡಿ. ಅಗಲವನ್ನು ನಿಮ್ಮ ದಾರಿಯ ಅತಿ ಕಿರಿದಾದ ಜಾಗ ಅಳೆದು ನಿರ್ಣಯಿಸಿ. ಬೇಲಿಯ ಸಂದಿನಲ್ಲಿ ಹಿಡಿಯದ ಗಾಡಿಯಿಂದ ಫಲವಿಲ್ಲ. ಕೊಂಡಿಯು ಪಕ್ಕಕ್ಕೂ ತಿರುಗಬೇಕು, ಮೇಲೆ ಕೆಳಗೂ ಆಡಬೇಕು. ಕೊಂಡಿ ಕಳಚಿದರೂ ಗಾಡಿ ಬಿಟ್ಟುಹೋಗದಂತೆ ಒಂದು ಸರಪಳಿಯನ್ನು ಬೇರೆಯಾಗಿ ಕಟ್ಟಿ.

ಮಾಳಿಗೆಯ ಕಟಕಟೆ

ಇಲ್ಲಿ ದೇವರ ವಾಕ್ಯದಿಂದ ಒಂದು ಬುದ್ಧಿಮಾತು. ಹೊಸ ಮನೆ ಕಟ್ಟುವವನು ಮಾಳಿಗೆಯ ಸುತ್ತ ಕಟಕಟೆ ಕಟ್ಟಬೇಕು, ಇಲ್ಲದಿದ್ದರೆ ಯಾರಾದರೂ ಬಿದ್ದು ಸತ್ತರೆ ಆ ದೋಷ ಮನೆಯವರ ಮೇಲೆ ಬರುತ್ತದೆ ಎಂಬ ಅರ್ಥದ ಆಜ್ಞೆ ಧರ್ಮೋಪದೇಶಕಾಂಡದ 22ನೆಯ ಅಧ್ಯಾಯದಲ್ಲಿ ಉಂಟು. ಕಟ್ಟುವ ಕೈಗೆ ಕಾಯುವ ಹೊಣೆಯೂ ಉಂಟೆಂದು ದೇವರು ಅಷ್ಟು ಹಿಂದೆಯೇ ತಿಳಿಸಿದನು. ನಮ್ಮ ಗಾಡಿಗೆ ಕಟಕಟೆ ಯಾವುದು? ಬ್ರೇಕು. ಇಳಿಜಾರಿನಲ್ಲಿ ಹಿಂದಿನ ಗಾಡಿಯ ಭಾರ ಸೈಕಲ್ಲನ್ನು ಮುಂದಕ್ಕೆ ನೂಕುತ್ತದೆ. ಸೈಕಲ್ಲಿನ ಬ್ರೇಕು ಒಂದರಿಂದಲೇ ಅದು ನಿಲ್ಲುವುದಿಲ್ಲ. ಗಾಡಿಯ ಎರಡು ಡ್ರಮ್ಮುಗಳಿಗೂ ತಂತಿ ಎಳೆದು ಒಂದು ಹಿಡಿಗೆ ಕೂಡಿಸಬೇಕು. ಹಿಂದೆ ಒಂದು ಹಗ್ಗ ಕಟ್ಟಿ ಇಬ್ಬರು ಹಿಡಿದುಕೊಂಡು ನಡೆಯಬೇಕು. ಕಡಿದಾದ ಇಳಿಜಾರಿನಲ್ಲಿ ಸವಾರ ಇಳಿದು ನಡೆಸಿಕೊಂಡೇ ಹೋಗತಕ್ಕದ್ದು.

ಮಾಡಿದ ದಿನವೇ ಮನುಷ್ಯರನ್ನು ಮಲಗಿಸಬೇಡಿ. ಮೊದಲು 50 ಕಿಲೋ ಮರಳಿನ ಚೀಲ, ಆಮೇಲೆ 100 ಕಿಲೋ ಇಟ್ಟು, ಮಳೆ ಬಿದ್ದ ಮೇಲೆ ಅದೇ ದಾರಿಯಲ್ಲಿ, ಅದೇ ಇಳಿಜಾರಿನಲ್ಲಿ ಹಲವು ಸಲ ಎಳೆದು ನೋಡಿ. ಪ್ರತಿ ಸಲವೂ ಬೆಸುಗೆಗಳನ್ನು ಒರೆಸಿ, ಕೂದಲೆಳೆಯಷ್ಟು ಬಿರುಕಾದರೂ ಇದೆಯೇ ಎಂದು ನೋಡಿ. ಆಮೇಲೆ ಗಟ್ಟಿಮುಟ್ಟಾದ ಒಬ್ಬ ಯುವಕನನ್ನು ಮಲಗಿಸಿ ಎಳೆಯಿರಿ. ಮಲಗಿದವನಿಗೆ ಎಲ್ಲಿ ಕುಲುಕುತ್ತದೆಂದು ಅವನೇ ಹೇಳುತ್ತಾನೆ. ಅದಾದ ಮೇಲೆಯೇ ರೋಗಿ.

ಎಂಜಿನ್ನು ಕೂರಿಸುವ ಆಸೆ ಕೆಲವರಿಗೆ ಉಂಟೆಂದು ಬಲ್ಲೆವು. ಅದು ಬೇಡ. ಕಾಲಿನಿಂದ ತುಳಿಯುವ ಸೈಕಲ್ಲಿಗೆ ನೋಂದಣಿಯೂ ಲೈಸೆನ್ಸೂ ಬೇಕಿಲ್ಲ. ಪೆಟ್ರೋಲ್ ಎಂಜಿನ್ನು ಕೂರಿಸಿದರೆ ಅದು 1988ರ ಮೋಟಾರು ವಾಹನ ಕಾಯ್ದೆಯ ಕೆಳಗೆ ಬರಬಹುದು. ನೋಂದಣಿಯಾದ ಗಾಡಿಯನ್ನೂ ಮನಸ್ಸಿಗೆ ಬಂದಂತೆ ಮಾರ್ಪಡಿಸುವಂತಿಲ್ಲ. ಅಪಘಾತವಾದರೆ ವಿಮೆಯವರು ತಕರಾರು ತೆಗೆಯುತ್ತಾರೆ. ಕೂಲಿಯವನ ಮನೆ ಒಂದು ಮೊಕದ್ದಮೆಗೆ ಮುಳುಗಿಹೋಗುತ್ತದೆ.

ಇನ್ನು ಮಲಗಿಸುವ ವಿಷಯ. ಮರದಿಂದ ಅಥವಾ ಮೇಲಿನಿಂದ ಬಿದ್ದವರ ಕತ್ತು ಬೆನ್ನು ಬಗ್ಗಿಸದೆ, ನಾಲ್ಕು ಜನ ಒಟ್ಟಿಗೆ ಹಿಡಿದು, ಹಲಗೆಯ ಮೇಲೆ ನೇರವಾಗಿ ಮಲಗಿಸಬೇಕು. ಹಾವು ಕಚ್ಚಿದವರನ್ನು ನಡೆಸಬಾರದು. ಕಚ್ಚಿದ ಕೈಕಾಲನ್ನು ಅಲುಗಾಡದಂತೆ ಇಡಬೇಕು. ಕೊಯ್ಯುವುದು, ಬಾಯಿಂದ ಹೀರುವುದು, ಬಿಗಿಯಾಗಿ ಹಗ್ಗ ಕಟ್ಟುವುದು ಯಾವುದೂ ಬೇಡ. ವಿಷಕ್ಕೆ ಮದ್ದು ಆಸ್ಪತ್ರೆಯಲ್ಲಿದೆ. ತುಂಬು ಗರ್ಭಿಣಿಯನ್ನು ಎಡಮಗ್ಗುಲಿಗೆ ಮಲಗಿಸಿ, ಜೊತೆಗೆ ಒಬ್ಬ ಹೆಂಗಸು ನಡೆಯಲಿ. ಗಾಡಿ ಹೊರಡುವ ಮೊದಲೇ ಒಬ್ಬರು 108ಕ್ಕೆ ಫೋನು ಮಾಡಿ, ಟಾರುರಸ್ತೆಯಲ್ಲಿ ಯಾವ ಜಾಗಕ್ಕೆ ಬರಬೇಕೆಂದು ಗುರುತು ಹೇಳಬೇಕು.

ಹೊರೆಯೂ ಕೂಲಿಯೂ

ಈಗ ಅಮ್ಮಂದಿರ ಕಡೆಯಿಂದ ಬರುವ ಪ್ರಶ್ನೆಗೆ ಉತ್ತರ ಹೇಳಬೇಕು. ಗಾಡಿ ಇದ್ದರೆ ರೋಗಿ ಇಲ್ಲದ ದಿನ ಅದರಲ್ಲಿ ನೀರು, ಸೌದೆ, ಹೂವಿನ ಕಟ್ಟು, ಗೊಬ್ಬರ ಸಾಗಿಸಬಹುದಲ್ಲಾ ಎಂದು ಯಾರಿಗಾದರೂ ತೋರುತ್ತದೆ. ನೀರೂ ಸೌದೆಯೂ ಸರಿ, ಅದು ಮನೆಯ ಕೆಲಸ. ತೋಟದ ಕೆಲಸಕ್ಕೆ ಬಂದಾಗ ಯೋಚಿಸಬೇಕು. ನಾಲ್ವರು ಹೆಂಗಸರು ತಲೆಯ ಮೇಲೆ ಹೊರುವುದನ್ನು ಗಾಡಿಯಲ್ಲಿ ಒಬ್ಬಳು ಎಳೆದರೆ, ಮಿಕ್ಕ ಮೂವರಿಗೆ ನಾಳೆ ಕೆಲಸವಿಲ್ಲ ಎನ್ನುವ ಮೇಸ್ತ್ರಿಯೂ ಇದ್ದಾನು. ಅಡಿಕೆ ಮರ ಹತ್ತುವ ಬೈಕಿನ ವಿಷಯದಲ್ಲೂ ಇದೇ ಮಾತು. ಜಾರಿ ಬಿದ್ದು ಸೊಂಟ ಮುರಿದುಕೊಳ್ಳುವುದು ತಪ್ಪಿದರೆ ಅದು ದೇವರ ಕೃಪೆಯೇ. ಆದರೆ ಯಂತ್ರದಿಂದ ಉಳಿದ ಶ್ರಮದ ಲಾಭ ಯಾರ ಚೀಲಕ್ಕೆ ಹೋಗುತ್ತದೆಂದು ಕೇಳುವ ಹಕ್ಕು ದುಡಿಯುವವರಿಗೆ ಉಂಟು.

ಯಂತ್ರವನ್ನು ದ್ವೇಷಿಸಬೇಕೆಂದು ನಾವು ಹೇಳುವುದಿಲ್ಲ. ಕತ್ತು ಸವೆಯುವ ಹಾಗೆ ಹೊರುವುದರಲ್ಲಿ ಪುಣ್ಯವೇನೂ ಇಲ್ಲ. ಹೊರೆ ಇಳಿಯಬೇಕು, ಕೂಲಿ ಇಳಿಯಬಾರದು. ಆದಕಾರಣ ತೋಟದ ಸಾಮಾನು ಸಾಗಿಸಲು ಗಾಡಿಯನ್ನು ಕೇಳಿದರೆ, ಆಳುಗಳನ್ನು ಕಡಿಮೆ ಮಾಡುವುದಿಲ್ಲವೆಂದೂ ದಿನಗೂಲಿ ಕಡಿತ ಮಾಡುವುದಿಲ್ಲವೆಂದೂ ಮೊದಲು ಎಲ್ಲರ ಮುಂದೆ ಮಾತಾಗಬೇಕು, ಬರಹದಲ್ಲಿ ಆಗಬೇಕು. ಆಗುವವರೆಗೆ ಗಾಡಿ ರೋಗಿಗಳಿಗೂ ಮನೆಗಳಿಗೂ ಮಾತ್ರ ಇರಲಿ. ಮತ್ತೊಂದು ಸಂಗತಿ. ನಾವು ಗಾಡಿ ಮಾಡಿಕೊಂಡೆವೆಂದು ದಾರಿ ಮಾಡಿಸಬೇಕಾದವರು ಕೈ ತೊಳೆದುಕೊಳ್ಳಬಾರದು. ದಾರಿಗಾಗಿ ಅರ್ಜಿ ಕೊಡುವುದನ್ನೂ ಗ್ರಾಮಸಭೆಯಲ್ಲಿ ಎದ್ದು ಕೇಳುವುದನ್ನೂ ನಿಲ್ಲಿಸಬೇಡಿ. ಗಾಡಿ ಇಂದಿನ ರೋಗಿಗೆ, ರಸ್ತೆ ನಾಳೆಯ ಮಕ್ಕಳಿಗೆ.

ಹೆಂಗಸರೂ ಇದನ್ನು ಓಡಿಸಲು ಕಲಿಯಬೇಕು. ಗಂಡಸರು ಕೆಲಸಕ್ಕೆ ಹೋದ ಹೊತ್ತಿನಲ್ಲಿ ನೋವು ಕಾಣಿಸಿಕೊಂಡರೆ ಎಳೆಯುವವರು ಯಾರು? ನಮ್ಮ ರಾಜ್ಯದ ಪುದುಕ್ಕೋಟೆ ಜಿಲ್ಲೆಯಲ್ಲಿ 1991ರ ನಂತರ ಅಕ್ಷರ ಕಲಿಸುವ ಚಳವಳಿಯ ಜೊತೆಗೇ ಹೆಂಗಸರಿಗೆ ಸೈಕಲ್ಲು ಕಲಿಸಿದರು. ಆಗ ಅಲ್ಲಿ ಕಲೆಕ್ಟರಾಗಿದ್ದವರು ಶೀಲಾರಾಣಿ ಚುಂಕತ್ ಎಂಬ ಹೆಣ್ಣುಮಗಳು. ಒಂದು ಲಕ್ಷಕ್ಕೂ ಮಿಕ್ಕಿ ಹೆಂಗಸರು ಕಲಿತರು. ಅವರಲ್ಲಿ ಕಲ್ಲುಗಣಿಯ ಕೂಲಿಯವರು, ಹೊಲದ ಕೂಲಿಯವರು, ಹೂ ಮಾರುವವರು ಇದ್ದರು. ಮೊದಲು ನಕ್ಕವರೂ ಆಮೇಲೆ ತಮ್ಮ ಹೆಣ್ಣುಮಕ್ಕಳನ್ನು ಕಳಿಸಿದರು. ನಮ್ಮ ಅಕ್ಕತಂಗಿಯರು ಅವರಿಗಿಂತ ಕಡಿಮೆಯಲ್ಲ.

ಲೆಕ್ಕ ಹಾಕಿ ಕೈಹಾಕೋಣ

ಗೋಪುರ ಕಟ್ಟಬೇಕೆಂದಿರುವವನು ಮೊದಲು ಕುಳಿತು ಖರ್ಚಿನ ಲೆಕ್ಕ ಹಾಕಬೇಕೆಂದು ಕರ್ತನೇ ಲೂಕನ ಸುವಾರ್ತೆಯಲ್ಲಿ ಬೋಧಿಸಿದ್ದಾನೆ. ಅರ್ಧ ಕಟ್ಟಿ ಬಿಟ್ಟರೆ ನೋಡುವವರು ನಗುತ್ತಾರೆ. ಆದಕಾರಣ ಚೀಟಿ ಹಣಕ್ಕೆ ಕೈಹಾಕುವ ಮೊದಲು ಮೂರು ಕೆಲಸಗಳಾಗಬೇಕು. ಒಂದು, ಪ್ರತಿ ಲೈನಿನಿಂದ ಇಬ್ಬರು ತಮ್ಮ ದಾರಿಯನ್ನು ನಡೆದು, ಉದ್ದ, ಕಿರಿದಾದ ಜಾಗ, ಇಳಿಜಾರು, ಹೂಳುವ ಜಾಗಗಳನ್ನು ಬರೆದು ತರಬೇಕು. ಎರಡು, ಯುವಕರು ಗುಜರಿ ಅಂಗಡಿಗಳಲ್ಲಿ ಚಕ್ರ, ಕೊಳವೆ, ತಂತಿ, ಕ್ಯಾನ್ವಾಸು ಇವುಗಳ ಬೆಲೆ ವಿಚಾರಿಸಿ ಪಟ್ಟಿ ತರಬೇಕು. ಪಂಚರು, ಎಣ್ಣೆ, ಬ್ರೇಕಿನ ರಿಪೇರಿಗೆ ವರ್ಷಕ್ಕೆ ಎಷ್ಟು ಬೇಕೆಂಬುದೂ ಅದರಲ್ಲಿ ಇರಬೇಕು. ಮೂರು, ಗಾಡಿ ಎಲ್ಲಿ ನಿಲ್ಲುತ್ತದೆ, ಬೀಗದ ಕೈ ಯಾರ ಹತ್ತಿರ, ರಾತ್ರಿ ಎಬ್ಬಿಸಿದರೆ ಏಳುವವರು ಯಾರು ಎಂದು ಹೆಸರು ಕೊಡಬೇಕು. ಗಾಡಿ ನಮ್ಮ ಸಭೆಯದಾದರೂ ಲೈನಿನ ಎಲ್ಲರಿಗೂ ಸೇರಿದ್ದು. ಹಿಂದೂ ಅಣ್ಣ, ಮುಸಲ್ಮಾನ ಅಕ್ಕ ಎಂದು ನೋಡದೆ ಹೊರಡಬೇಕು. ದಾರಿಯಲ್ಲಿ ಬಿದ್ದವನನ್ನು ತನ್ನ ಕತ್ತೆಯ ಮೇಲೆ ಏರಿಸಿ ಕರೆದೊಯ್ದ ಸಮಾರ್ಯದವನು ಅವನ ಜಾತಿ ಕೇಳಲಿಲ್ಲ.

ಹಿಮದ ಸೀಮೆಯವರಿಗೆ ದೇವರು ಹಿಮವನ್ನೂ, ಅದನ್ನು ದಾಟುವ ಬುದ್ಧಿಯನ್ನೂ ಕೊಟ್ಟನು. ನಮಗೆ ಕೆಂಪು ಮಣ್ಣನ್ನೂ ಮಳೆಯನ್ನೂ ಕೊಟ್ಟಿದ್ದಾನೆ, ಬೆಸೆಯುವ ಕೈಗಳನ್ನೂ ಕೊಟ್ಟಿದ್ದಾನೆ. ಬರುವ ತಿಂಗಳ ಕೂಟಕ್ಕೆ ದಾರಿಯ ಅಳತೆಯನ್ನೂ ಬೆಲೆಯ ಪಟ್ಟಿಯನ್ನೂ ತನ್ನಿ. ಅಂದೇ ಕೈ ಎತ್ತಿ ತೀರ್ಮಾನಿಸೋಣ. ಮುಂದಿನ ಮಳೆಗೆ ಮೊದಲು ಗಾಡಿ ಸಿದ್ಧವಾಗಿ, ಮರಳಿನ ಚೀಲ ಹೊತ್ತು ಪರೀಕ್ಷೆ ಮುಗಿಸಿರಲಿ. ಅದನ್ನು ಬಳಸುವ ಸಂದರ್ಭವೇ ಬಾರದಿರಲೆಂದು ಪ್ರಾರ್ಥಿಸೋಣ. ಬಂದರೆ ಚಕ್ರ ಹೂಳದಿರಲಿ, ಬ್ರೇಕು ತಪ್ಪದಿರಲಿ, ಹಿಡಿದ ಕೈ ಬಿಡದಿರಲಿ ಎಂದೂ ಪ್ರಾರ್ಥಿಸೋಣ.

ಕರ್ತನು ನಿಮ್ಮನ್ನೂ ನಿಮ್ಮ ಮನೆಯವರನ್ನೂ ನಿಮ್ಮ ಕೈಕೆಲಸವನ್ನೂ ಆಶೀರ್ವದಿಸಲಿ. ಆಮೆನ್.